ಒಂದೊಂದು ಕೂದಲಿಗೂ ಒಂದೊಂದು ಕಾಳು

ಮಧ್ಯಾಹ್ನದ ಬಿಸಿಲಿಗೆ ಸ್ವೀಟ್‌ಕಾರ್ನ್ ಜೋಳದ ಎಲೆ ಸುರುಳಿ ಸುತ್ತಿಕೊಂಡರೆ ಸುವರ್ಣಮ್ಮನ ಜೀವ ಬಾಯಿಗೆ ಬರುತ್ತಿತ್ತು. ತಕ್ಷಣ ಗಂಡನಿಗೆ ಫೋನು. ಗಂಡ ನಟರಾಜನಿಗೆ ಹಿರೀಸಾವೆಯ ರಸ್ತೆಬದಿ ಹೋಟೆಲಿನಲ್ಲಿ ದೋಸೆ ಹುಯ್ಯುವ ಕೆಲಸ. ಒಂದು ಕೈಯಲ್ಲಿ ದೋಸೆ ಮಗುಚುತ್ತಾ ಇನ್ನೊಂದು ಕೈಯಲ್ಲಿ ಹೊಲದ ಮೋಟಾರಿಗೆ ಫೋನ್ ಹಚ್ಚುತ್ತಿದ್ದ. ಫೋನ್ ಕರೆಗೇ ಚಾಲೂ ಆಗುವ ಮೊಬೈಲ್ ಸ್ಟಾರ್ಟರ್ ಹಾಕಿದ್ದ ಆ ಮೋಟಾರು ಅವನ ನಂಬರಿಗೆ ಮಾತ್ರ ಓಗೊಡುತ್ತಿತ್ತು. ಸ್ವಿಚ್ ಪೆಟ್ಟಿಗೆ ಹೊಲದಲ್ಲೇ ಇತ್ತು. "ನೀನು ಮುಟ್ಬ್ಯಾಡ ಕಣಮ್ಮಿ" ಎಂದು ಅವನು ಹೇಳಿದ್ದ, ಅವಳು ಮುಟ್ಟಿರಲಿಲ್ಲ.

ಸುವರ್ಣಮ್ಮನ ಅವಸರಕ್ಕೆ ಕಾರಣವಿತ್ತು. ಅದೇ ಹೋಟೆಲಿನ ಮುಂದೆ ಕೊಡೆಯ ಕೆಳಗೆ ಕೂತು ಸಂಜೆ ಹೊತ್ತು ಬೇಯಿಸಿದ ಜೋಳ ಮಾರುವವಳು ಅವಳು. ಹೋದ ಬೇಸಿಗೆಯಲ್ಲಿ ತೆನೆಗಳೆಲ್ಲ ಬೊಚ್ಚುಬಾಯಿ. ಬಸ್ಸಿನಿಂದ ಇಳಿದ ಹೆಂಗಸೊಬ್ಬಳು ತೆನೆ ವಾಪಸ್ ಕೊಟ್ಟು, "ಇದ್ರಲ್ಲಿ ಕಾಳಿಗಿಂತ ಸಂದೇ ಜಾಸ್ತಿ ಐತಲ್ಲಮ್ಮ" ಎಂದಿದ್ದಳು. ಹತ್ತು ಜನರ ಎದುರಿನ ಆ ಅವಮಾನ ಇನ್ನೂ ಆರಿರಲಿಲ್ಲ. ನೀರು ಸಾಲದೆ ಹಾಗಾಯಿತೆಂದು ಈ ವರ್ಷ ದಿನಾ ಹೊಲ ತುಂಬ ಹರಿಸಿದಳು. ಈಗ ಬೋರ್‌ವೆಲ್ಲೇ ಏದುಸಿರು ಬಿಡುತ್ತಿದೆ. ಅದು ನಿಂತರೆ ಜೋಳವೂ ಇಲ್ಲ, ಕೊಟ್ಟಿಗೆಯ ಎರಡು ಹಸುಗಳಿಗೆ ಕುಡಿಯುವ ನೀರೂ ಇಲ್ಲ.

ಒಂದು ಮಧ್ಯಾಹ್ನ ಅವಳು ಫೋನ್ ಕೈಗೆತ್ತಿಕೊಳ್ಳುವಾಗ ಪಕ್ಕದ ಹೊಲದ ಪದ್ಮಶ್ರೀ ಬದುವಿನ ಮೇಲೆ ಬಂದು ನಿಂತಳು. ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸಿ, ಹನಿ ಚೆಲ್ಲದೆ ಬಳಸುವ ಜೈನರ ಮನೆಯವಳು. ಸ್ವಸಹಾಯ ಸಂಘದ ಕಡೆಯಿಂದ ಬೇಸಾಯದ ತರಬೇತಿಗೂ ಹೋಗಿ ಬಂದಿದ್ದಳು.

"ಸುವರ್ಣಕ್ಕ, ಈ ಉರಿಬಿಸಿಲಲ್ಲಿ ನೀರು ಬಿಟ್ರೆ ಅರ್ಧ ಬಿಸಿಲೇ ಕುಡಿದ್ಬುಡ್ತದೆ."

"ಎಲೆ ಸುತ್ಕಂಡದೆ ಕಣವ್ವ, ಕಾಣಕ್ಕಿಲ್ವಾ?"

"ಬಿಸ್ಲಿಗೆ ನಾವು ತಲೆ ಮ್ಯಾಲೆ ಸೆರಗು ಹಾಕ್ಕಳಕ್ಕಿಲ್ವಾ? ಅದೂ ಅಂಗೇಯ. ಸಂಜೆಗೆ ಬಿಚ್ಕತದೆ. ಬೆಳಿಗ್ಗೆ ನೋಡಿ. ಆಗ್ಲೂ ಸುತ್ಕಂಡೇ ಇದ್ರೆ ಅದು ನಿಜವಾದ ಬಾಯಾರಿಕೆ."

"ತರಬೇತೀಲಿ ಟೀ ಬಿಸ್ಕತ್ತು ಕೊಟ್ಟು ಇದ್ನೇ ಯೋಳ್ಕೊಟ್ರಾ?"

ಪದ್ಮಶ್ರೀ ನಕ್ಕು ಕುಕ್ಕರುಗಾಲಲ್ಲಿ ಕೂತಳು. ಬುಡದ ಪಕ್ಕ ಗೇಣು ಆಳ ಕೆದಕಿ, ಒಂದು ಹಿಡಿ ಮಣ್ಣು ತೆಗೆದು ಅಮುಕಿದಳು. ಮಣ್ಣು ಉಂಡೆ ಕಟ್ಟಿತು.

"ನೋಡಿ, ಒಳಗೆ ಇನ್ನೂ ತೇವ ಐತೆ. ಅದ್ಸರಿ, ಹೋದ ವರ್ಸ ತೆನೆಗೆ ಕೂದ್ಲು ಬಂದಾಗ ನೀರು ಕೊಟ್ರಾ?"

"ಎಲ್ಲಿತ್ತು? ಅಷ್ಟೊತ್ಗೆ ಬೋರು ಬತ್ತೋಗಿತ್ತು. ಗಿಡ ಆಳೆತ್ತರ ಆಯ್ತಲ್ಲ, ಇನ್ಯಾಕೆ ಅಂತ ಸುಮ್ಕಾದೊ."

"ಅಲ್ಲೇ ಕೆಟ್ಟಿದ್ದು. ಒಂದೊಂದು ಕೂದ್ಲಿಗೂ ಒಂದೊಂದು ಕಾಳು ಸುವರ್ಣಕ್ಕ. ಕೂದ್ಲು ಒಣಗಿದ್ರೆ ಆ ಕಾಳು ಕಟ್ಟಕ್ಕಿಲ್ಲ. ಈಗ ಸುರಿಯೋ ನೀರು ಅವತ್ತಿಗೆ ಉಳೀಬೇಕು."

ಅಷ್ಟರಲ್ಲಿ ಮೋಟಾರು ತಾನಾಗಿ ಗುರ್ರೆಂದಿತು. ಹೆಂಡತಿ ಇನ್ನೂ ಫೋನ್ ಮಾಡಿಲ್ಲವಲ್ಲ ಎಂದು ನಟರಾಜ ಅವಳು ಕೇಳದೆಯೇ ಉಪಕಾರ ಮಾಡಿದ್ದ. ಸುವರ್ಣಮ್ಮ ಒಂದು ಗಳಿಗೆ ಪೈಪಿನ ಬಾಯಲ್ಲಿ ಉಗುಳುವ ನೀರು ನೋಡಿದಳು. ಸೀರೆಗೆ ಕೈ ಒರೆಸಿಕೊಂಡು, ಚಪ್ಪಲಿ ಮೆಟ್ಟಿ ಹೋಗಿ ಸ್ವಿಚ್ ಕೆಳಗೆಳೆದಳು. ಮೋಟಾರು ನಿಂತ ಮೆಸೇಜು ಮುಟ್ಟಿರಬೇಕು, ನಟರಾಜನ ಫೋನ್ ಬಂತು.

"ಯಾಕಮ್ಮಿ, ಮೋಟ್ರು ನಿಂತೋಯ್ತಾ?"

"ನಾನೇ ನಿಲ್ಸಿದ್ದು. ನೀವು ದ್ವಾಸೆ ನೋಡ್ಕಳಿ, ಜ್ವಾಳ ನಾನು ನೋಡ್ಕತೀನಿ."

ಮರುದಿನ ಬೆಳಕು ಹರಿಯುವಾಗ ಎಲೆಗಳೆಲ್ಲ ಅಗಲವಾಗಿ ಬಿಚ್ಚಿಕೊಂಡಿದ್ದವು. ಮೂರನೆಯ ದಿನ ಬೆಳಿಗ್ಗೆಯೂ ಸುರುಳಿಯಾಗಿದ್ದಾಗ ಮಾತ್ರ ತಂಪು ಹೊತ್ತಿನಲ್ಲಿ ನೀರು ಬಿಟ್ಟಳು, ಅದೂ ಸಾಲು ಬಿಟ್ಟು ಸಾಲಿಗೆ. ಮುಂದಿನ ಸರದಿಯಲ್ಲಿ ಬಿಟ್ಟುಹೋದ ಸಾಲಿಗೆ. ತೇವ ಆರದಂತೆ ಬುಡಕ್ಕೆ ಹುಲ್ಲು ಹೊದಿಸಿ ಎಂದು ಪದ್ಮಶ್ರೀ ಹೇಳಿದಾಗ ಮಾತ್ರ ರೇಗಿದಳು: "ಹಸ ತಿನ್ನೋ ರಾಗಿ ಹುಲ್ಲು ನೆಲಕ್ಕಾಕ್ಲಾ?"

"ಬ್ಯಾಡಿ, ತ್ವಾಟದಲ್ಲಿ ಒಣಗಿದ ತೆಂಗಿನ ಗರಿ ಬಿದ್ದೈತಲ್ಲ, ಕಡ್ದು ಹಾಕಿ. ಕಿತ್ತ ಕಳೇನೂ ಹಾಕಿ."

ಹೋಟೆಲಿಗೆ ರಜೆಯಿದ್ದ ದಿನ ನಟರಾಜ ಹೊಲ ನೋಡಿ, "ಏನಿದು, ತಿಪ್ಪೆ ಮಾಡ್ಬುಟ್ಟಿದೀಯ" ಎಂದ. ಅವಳು ಒಂದು ಗರಿ ಎತ್ತಿದಳು. ಕೆಳಗಿನ ಮಣ್ಣು ಮಟಮಟ ಮಧ್ಯಾಹ್ನದಲ್ಲೂ ತಣ್ಣಗಿತ್ತು. ಅವನು ಕೈಯಿಟ್ಟು ನೋಡಿದ, ಮತ್ತೆ ತಿಪ್ಪೆಯ ಸುದ್ದಿ ಎತ್ತಲಿಲ್ಲ.

ತೆನೆಗೆ ಕೂದಲು ಬಂತು. ಈ ಸಲ ಬೋರ್‌ವೆಲ್ಲಿನಲ್ಲಿ ನೀರಿತ್ತು. ಕಾಳು ತುಂಬುವವರೆಗೆ ಒಂದು ಸಾಲನ್ನೂ ಬಿಡದೆ, ಮಣ್ಣು ಒಣಗಗೊಡದೆ ನೀರು ಕೊಟ್ಟಳು. ಮೊದಲ ತೆನೆಯನ್ನು ಹೋಟೆಲಿನ ಮುಂದೆ ನಟರಾಜನೇ ಸುಲಿದ. ಬುಡದಿಂದ ತುದಿಯವರೆಗೆ ಸಂದಿಲ್ಲದೆ ಕಾಳು. ಅವನು ಕೈ ಒರೆಸಿಕೊಂಡು ಫೋನ್ ತೆಗೆದು, "ನಿನ್ ನಂಬರ್ರೂ ಮೋಟ್ರಿಗೆ ಸೇರಿಸ್ತೀನಿ ತಡಿ" ಎಂದ. ಸುವರ್ಣಮ್ಮನಿಗೆ ಆ ದಿನ ಮಾರಿದ ಎಲ್ಲ ತೆನೆಗಿಂತ ಆ ಮಾತೇ ಹೆಚ್ಚು ಖುಷಿ ಕೊಟ್ಟಿತು.

ಜೋಳ ಬೆಳೆಯುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಾಳೆ ಮಧ್ಯಾಹ್ನ ಎಲೆ ಸುತ್ತಿಕೊಂಡರೆ ಸ್ವಿಚ್ಚಿಗೆ ಕೈ ಹಾಕಬೇಡಿ, ಮಣ್ಣಿಗೆ ಕೈ ಹಾಕಿ. ಬೆಳಿಗ್ಗೆ ಎಲೆ ನೋಡಿ, ತಂಪಿನಲ್ಲಿ ನೀರು ಕೊಡಿ, ಬುಡಕ್ಕೆ ಗರಿ ಹೊದಿಸಿ. ಕೂದಲು ಬರುವ ದಿನಕ್ಕೆಂದು ಇಂದೇ ನೀರು ಉಳಿಸಿ. ಹಾಗೆಯೇ, ನಿಮ್ಮ ಮೋಟಾರಿನಲ್ಲಿ ಯಾರ ನಂಬರಿದೆ ಎಂದು ನೋಡಿ. ದಿನಾ ಹೊಲದಲ್ಲಿ ನಿಲ್ಲುವವಳ ನಂಬರೂ ಅದರಲ್ಲಿರಲಿ.