ಹರಸಿದ ಪೆಟ್ರೋಲೂ ಹಳಸುತ್ತೆ

ಎಸೆನ್‌ಕುಲನ ಕಾರು ಒಂದೂವರೆ ವರ್ಷದಿಂದ ಕುರಿ ಕೊಟ್ಟಿಗೆಯಲ್ಲಿ ನಿಂತೇ ಇತ್ತು. ಬಾನೆಟ್ಟಿನ ಮೇಲೆ ಕೋಳಿಗಳು ಮಲಗಿ ಏಳುತ್ತಿದ್ದವು. ಹಿಂದಿನ ಸೀಟಿನಲ್ಲಿ ಅವನ ಹೆಂಡತಿ ಬುರುಲ್ಚಾ ಈರುಳ್ಳಿ ಮೂಟೆ ಇಟ್ಟಿದ್ದಳು. ಅವಳದೇನು ತಪ್ಪು ಬಿಡಿ, ಓಡದ ಕಾರಿಗೆ ಇನ್ನೇನು ಕೆಲಸ?

ಕಾರು ಕೊಂಡ ಐದನೇ ದಿನವೇ ಎಸೆನ್‌ಕುಲ್ ಕುದುರೆ ಮೇಲೆ ಕೂತು ಸತ್ತ ಮೇಕೆಯನ್ನು ಒಬ್ಬರಿಂದೊಬ್ಬರು ಕಿತ್ತುಕೊಳ್ಳುವ ಆಟಕ್ಕೆ ಹೋಗಿದ್ದ. ಐವತ್ತೆಂಟನೇ ವಯಸ್ಸಿನಲ್ಲಿ ಹುಡುಗರ ಜೊತೆ ಪೈಪೋಟಿ! ಬಿದ್ದು ತೊಡೆ ಮೂಳೆ ಮುರಿದುಕೊಂಡ. ಬುರುಲ್ಚಾ ಬೈದೂ ಬೈದೂ ಸುಸ್ತಾದಳು. ಕಾಲು ಕೂಡಿಕೊಳ್ಳುವವರೆಗೆ ಕೈ ಸುಮ್ಮನಿರಬೇಕಲ್ಲ, ಕೂತಲ್ಲೇ ಒಂದು ತೊಟ್ಟಿಲು ಮಾಡಿದ. ಅಂಚಿಗೆಲ್ಲ ಕೆಂಪು ಬಣ್ಣ, ತಲೆಯ ಕಡೆಗೆ ಟಗರಿನ ಕೊಂಬಿನ ಚಿತ್ತಾರ. ನೋಡಿದವರೆಲ್ಲ ಮೆಚ್ಚಿದರು. ಕಾಲು ಸರಿಹೋಗುವ ಹೊತ್ತಿಗೆ ಕಾರು ಕೋಳಿಗಳ ಪಾಲಾಗಿತ್ತು.

ಆ ತೊಟ್ಟಿಲಿಗೆ ಈಗ ಕಾಲ ಕೂಡಿ ಬಂದಿತ್ತು. ಘಟ್ಟದಾಚೆಯ ಊರಿಗೆ ಮದುವೆಯಾಗಿ ಹೋಗಿದ್ದ ಮಗಳು ಜಿಪಾರ್ ಹೆಣ್ಣು ಹೆತ್ತಿದ್ದಳು. ನಾಳೆ ಮಧ್ಯಾಹ್ನ ಮಗುವನ್ನು ತೊಟ್ಟಿಲಿಗೆ ಹಾಕುವ ಔತಣ. ತೊಟ್ಟಿಲು ತವರಿನಿಂದಲೇ ಹೋಗಬೇಕು, ಮಗುವನ್ನು ಮಲಗಿಸಿ ಉರುಳದಂತೆ ಪಟ್ಟಿ ಕಟ್ಟುವ ಕೈ ಅಜ್ಜಿಯದೇ ಆಗಬೇಕು. ಮೊದಲ ಮೊಮ್ಮಗಳು. ಬುರುಲ್ಚಾ ಇನ್ನೂ ಅದರ ಮುಖ ನೋಡಿರಲಿಲ್ಲ. ಫೋನಿನಲ್ಲಿ ನೋಡಿದ್ದು ನೋಡಿದ ಹಾಗಾ? ಆದರೆ ಆ ಘಟ್ಟದಲ್ಲಿ ಏಪ್ರಿಲ್ ತಿಂಗಳಲ್ಲೂ ಹಿಮ. ಐವತ್ತು ಕಿಲೋಮೀಟರ್ ಉದ್ದಕ್ಕೂ ಒಂದು ಮನೆಯಿಲ್ಲ, ಫೋನೂ ಸಿಗುವುದಿಲ್ಲ. ಬಾಡಿಗೆ ವ್ಯಾನಿನವರು ದಾರಿ ಪೂರ್ತಿ ತೆರೆಯುವವರೆಗೆ ಅತ್ತ ತಲೆ ಹಾಕುವುದಿಲ್ಲ. ಉಳಿದದ್ದು ಕೋಳಿ ಮಲಗುವ ಕಾರೊಂದೇ.

ಬೆಳಿಗ್ಗೆಯೇ ಎಸೆನ್‌ಕುಲ್ ಬ್ಯಾಟರಿ ಚಾರ್ಜ್ ಮಾಡಿಸಿದ. ಚಕ್ರಗಳಿಗೆ ಗಾಳಿ ತುಂಬಿದ. ಕೋಳಿಗಳನ್ನು ಓಡಿಸಿ, ಕಾರನ್ನು ಅಂಗಳಕ್ಕೆ ತಳ್ಳಿಸಿ, ಗತ್ತಿನಿಂದ ಬೀಗದ ಕೈ ತಿರುಗಿಸಿದ. ಕಾರು ಕೆಮ್ಮಿತು, ನಡುಗಿತು, ಮೂರು ನಿಮಿಷ ಏದುಸಿರು ಬಿಟ್ಟು ನಿಂತೇಹೋಯಿತು.

"ಚಳಿಗೆ ಹೀಗಾಡ್ತಿದೆ ಕಣೇ ಮುದುಕಿ. ಟ್ಯಾಂಕಿನ ತಳದಲ್ಲಿ ಕಸ ಇರ್ಬೇಕು, ಒಂದಿಷ್ಟು ಹೊರಗೆ ಎಳೆದ್ರೆ ಸರಿಹೋಗುತ್ತೆ" ಅಂದವನೇ ಟ್ಯಾಂಕಿಗೆ ರಬ್ಬರ್ ಕೊಳವೆ ಇಳಿಸಿ, ಇನ್ನೊಂದು ತುದಿಯನ್ನು ಬಾಯಿಗೆ ಹತ್ತಿರ ತಂದ.

"ಲೇ! ಬಾಯಿಂದ ಎಳೀಬೇಡ! ಶ್ವಾಸಕೋಶಕ್ಕೆ ಹೋದ್ರೆ ತೊಟ್ಟಿಲ ಜೊತೆ ನಿನ್ನನ್ನೂ ಹೊತ್ಕೊಂಡು ಹೋಗ್ಬೇಕಾಗುತ್ತೆ!"

ಬೇಲಿಯಾಚೆಯಿಂದ ಕೂಗಿದ್ದು ಪಕ್ಕದ ಮನೆಯ ಸಾಯ್ರಾಗುಲ್ ಅಪಾ. ಅಪಾ ಅಂದರೆ ಹಿರಿಯಕ್ಕ. ಎಪ್ಪತ್ತನಾಲ್ಕು ವಯಸ್ಸು. ಹಿಂದೆ ಸಾಮೂಹಿಕ ಬೇಸಾಯದ ಕಾಲದಲ್ಲಿ ಇಪ್ಪತ್ತು ವರ್ಷ ಟ್ರ್ಯಾಕ್ಟರ್ ಓಡಿಸಿದವಳು. ಈಗಲೂ ಪಕ್ಕಕ್ಕೆ ಸೈಡ್‌ಕಾರ್ ಜೋಡಿಸಿದ ಮೋಟಾರ್ ಸೈಕಲ್ಲನ್ನು ಅವಳೇ ಓಡಿಸುತ್ತಾಳೆ. ಅವಳನ್ನು ಕಂಡರೆ ಊರಿನ ಗಂಡಸರಿಗೆಲ್ಲ ಒಂಥರಾ ಅಳುಕು.

"ಅಪಾ, ನೀವು ಹೇಳಿ" ಅಂತ ಬುರುಲ್ಚಾ ಅವಳ ಕೈ ಹಿಡಿದಳು. "ನಾಳೆ ಇದು ಘಟ್ಟ ಹತ್ತುತ್ತಾ?"

"ಟ್ಯಾಂಕಿನಲ್ಲಿ ಯಾವ ಕಾಲದ ಪೆಟ್ರೋಲು?"

ಎಸೆನ್‌ಕುಲ್ ಎದೆ ಉಬ್ಬಿಸಿದ. "ಕೊಂಡ ದಿನ ಕುರಿ ಕುಯ್ದು, ಟ್ಯಾಂಕು ತುಂಬಿಸಿ, ಊರಿನ ಹಿರಿಯಜ್ಜನ ಕೈಲಿ ಹರಸಿಸಿದ್ದೆನಲ್ಲ, ಅದೇ! ನೀವೂ ಅಂಗೈ ಬಿಡಿಸಿ ಆಮೀನ್ ಅಂದಿದ್ರಿ."

"ಅಂದಿದ್ದೆ. ಆದ್ರೆ ಒಂದೂವರೆ ವರ್ಷ ಆಯ್ತಲ್ಲೋ, ಅದು ಹಳಸಿದೆ."

"ಹಳಸೋಕೆ ಅದೇನು ಅನ್ನವಾ? ಲಕ್ಷಾಂತರ ವರ್ಷ ನೆಲದೊಳಗಿತ್ತಂತೆ. ಅಲ್ಲಿ ಕೆಡದ್ದು ನನ್ನ ಟ್ಯಾಂಕಿನಲ್ಲಿ ಕೆಡುತ್ತಾ?"

"ನೆಲದೊಳಗಿದ್ದದ್ದು ಕಚ್ಚಾ ಎಣ್ಣೆ. ಅಲ್ಲಿ ಗಾಳಿ ಆಡಲ್ಲ. ಕಾಯಿಸಿ ಸೋಸಿ ಪೆಟ್ರೋಲು ಮಾಡಿದ ಮೇಲೆ ಅದರ ಆಯಸ್ಸು ಮೂರು ತಿಂಗಳು, ಬಹಳ ಅಂದ್ರೆ ಆರು. ಹಗುರವಾದ ಭಾಗ ಆವಿಯಾಗಿ ಹೋಗುತ್ತೆ. ಉಳಿದದ್ದು ಗಾಳಿ ಸೇರಿ ಅಂಟಾಗುತ್ತೆ."

"ಕುದುರೆ ಹಾಲಿನ ಕುಮಿಸ್ ಹುಳಿ ಬಂದಷ್ಟೂ ಅಮಲು ಜೋರು. ಇದೂ ಹಾಗೇ ಇರ್ಬಹುದಲ್ಲ?"

"ಹೌದು, ನಿನ್ನ ಕಾರು ಕುಡಿದವನ ಹಾಗೇ ತೂರಾಡ್ತಿದೆ!" ಅಂತ ಅಪಾ ನಕ್ಕಳು. ಬುರುಲ್ಚಾಗೂ ನಗು ತಡೆಯಲಾಗಲಿಲ್ಲ.

ಅಪಾ ಮನೆಗೆ ಹೋಗಿ ಕೈಯಲ್ಲಿ ಒತ್ತುವ ಪಂಪು, ಎರಡು ಗಾಜಿನ ಶೀಶೆ ತಂದಳು. ಒಂದರಲ್ಲಿ ತನ್ನ ಮೋಟಾರ್ ಸೈಕಲ್ಲಿನ ಹೊಸ ಪೆಟ್ರೋಲು, ಖಾಲಿಯಿದ್ದ ಇನ್ನೊಂದಕ್ಕೆ ಎಸೆನ್‌ಕುಲನ ಟ್ಯಾಂಕಿನದನ್ನು ಎಳೆದಳು. ಹೊಸದು ತಿಳಿಯಾಗಿತ್ತು. ಹಳೆಯದು ಕಡು ಚಹಾದ ಬಣ್ಣಕ್ಕೆ ತಿರುಗಿತ್ತು, ಬಾಗಿಲಿಗೆ ಬಳಿಯುವ ವಾರ್ನಿಷ್‌ನ ಘಾಟು ಹೊಡೆಯುತ್ತಿತ್ತು.

"ಇದನ್ನೇ ಕುಡಿಸಿ ಓಡಿಸಿದ್ರೆ ಅಂಟು ಪಂಪಿಗೆ, ಇಂಜಿನ್ನಿಗೆ ಹೋಗಿ ಕೂರುತ್ತೆ. ಘಟ್ಟದ ಅರ್ಧಕ್ಕೆ ಹೋಗಿ ನಿಲ್ಲುತ್ತೆ. ಪೂರ್ತಿ ತೆಗೀಬೇಕು."

"ಹರಸಿದ್ದನ್ನು ಚೆಲ್ಲೋದಾ? ನನ್ನ ಕೈಲಾಗಲ್ಲ" ಅಂತ ಎಸೆನ್‌ಕುಲ್ ಕಾರಿಗೆ ಅಡ್ಡ ನಿಂತ. "ಮೇಲೆ ಐದು ಲೀಟರ್ ಹೊಸದು ಹಾಕಿದ್ರೆ ಸಾಕು."

"ಒಂದೆರಡು ತಿಂಗಳು ನಿಂತಿದ್ರೆ ಸಾಕಾಗ್ತಿತ್ತು. ಇದಕ್ಕೆ ಸಾಲದು."

ಇಬ್ಬರ ಜಟಾಪಟಿ ಮುಗಿಯುವ ಹಾಗೆ ಕಾಣಲಿಲ್ಲ. ಅಂಗಳದ ಆ ತುದಿಯಲ್ಲಿ, ನಾಳೆಗೆ ಬೋರ್ಸೋಕ್ ಅನ್ನುವ ಹಿಟ್ಟಿನ ಬಿಲ್ಲೆ ಕರಿಯಲು ಬುರುಲ್ಚಾ ಹೊತ್ತಿಸಿದ್ದ ಒಲೆ ಹೊಗೆಯಾಡುತ್ತಿತ್ತು. ಬೆರಣಿ ಹಸಿ, ಉರಿಯೇ ಏಳುತ್ತಿಲ್ಲ. ಹೇಗೂ ಚೆಲ್ಲಬೇಕಾದದ್ದು ಒಲೆಗಾದರೂ ಆಗಲಿ ಅಂತ ಅವಳು ಹಳೇ ಪೆಟ್ರೋಲಿನ ಶೀಶೆ ಎತ್ತಿಕೊಂಡು ನಡೆದಳು. ನಮ್ಮ ಕಡೆ ಎಷ್ಟು ಮನೆಯಲ್ಲಿ ಹೀಗೆ ಮಾಡುವುದಿಲ್ಲ, ಹೇಳಿ? ಮಾಡಿ ಸುಟ್ಟುಕೊಂಡವರೂ ಇದ್ದಾರೆ, ಆದರೂ ಬುದ್ಧಿ ಬರುವುದಿಲ್ಲ.

"ಬುರುಲ್ಚಾ! ನಿಲ್ಲು! ಒಂದು ಹೆಜ್ಜೆ ಮುಂದಿಡಬೇಡ!"

ಅಪಾ ಅಷ್ಟು ಜೋರಾಗಿ ಕಿರುಚಿದ್ದನ್ನು ಬುರುಲ್ಚಾ ಎಂದೂ ಕೇಳಿರಲಿಲ್ಲ. ನಿಂತಲ್ಲೇ ನಿಂತಳು. ಅಪಾ ಓಡಿ ಬಂದು ಶೀಶೆ ಕಿತ್ತುಕೊಂಡು ದೂರ ಒಯ್ದು ಮುಚ್ಚಳ ಬಿಗಿದಳು.

"ಉರಿಯೋದು ಅದರ ಆವಿ ಕಣೇ ತಾಯಿ. ಒಲೆಗೆ ಸುರಿಯೋ ಮೊದಲೇ ಬೆಂಕಿ ನಿನ್ನ ಕೈಗೆ ಹಾರ್ತಿತ್ತು."

"ಕಾರಲ್ಲಿ ಉರಿಯಲ್ಲ ಅಂತೀರಿ, ಒಲೇಲಿ ಉರಿಯುತ್ತೆ ಅಂತೀರಿ" ಅಂತ ಎಸೆನ್‌ಕುಲ್ ಗೊಣಗಿದ. ಆದರೆ ಅವನ ಮುಖವೂ ಬಿಳಿಚಿಕೊಂಡಿತ್ತು.

"ಇಂಜಿನ್ ಎಳೆಯೋಕೆ ಬೇಕಾದಷ್ಟು ಉರಿಯಲ್ಲ, ನಿನ್ನ ಗಡ್ಡ ಸುಡೋಕೆ ಬೇಕಾದಷ್ಟು ಉರಿಯುತ್ತೆ!"

ಬುರುಲ್ಚಾ ತನ್ನ ಅಂಗೈ ನೋಡಿಕೊಂಡಳು. ಇದೇ ಕೈಯಲ್ಲಿ ನಾಳೆ ಕೂಸನ್ನು ಎತ್ತಿಕೊಳ್ಳಬೇಕು. ಅವಳಿಗೆ ಭಯ, ಸಿಟ್ಟು, ಅಳು ಎಲ್ಲ ಒಟ್ಟಿಗೇ ಬಂತು.

"ನೋಡು ಮುದುಕ" ಅಂದಳು. "ಅಜ್ಜ ಅವತ್ತು ಏನಂದ? ನಿಮ್ಮ ದಾರಿ ಬೆಳಕಾಗಿರಲಿ, ಹೋದವರು ಸುಖವಾಗಿ ಮನೆ ಸೇರಲಿ ಅಂದ. ಈ ಪೆಟ್ರೋಲು ಟ್ಯಾಂಕಿನಲ್ಲೇ ಇರಲಿ ಅಂದನಾ? ಅವನು ಹರಸಿದ್ದು ಕಾರಲ್ಲಿ ಕೂರೋ ನಮ್ಮನ್ನು. ನನಗೆ ಮೊಮ್ಮಗಳನ್ನು ನೋಡ್ಬೇಕು. ಹಿಮದ ನಡುವೆ ಕೂತು ನಿನ್ನ ಮುಖ ನೋಡೋಕೆ ನಾನು ಬರಲ್ಲ. ಇದನ್ನು ತೆಗೆಯದಿದ್ರೆ ನಾನು ಕಾರು ಹತ್ತಲ್ಲ, ಅಷ್ಟೇ."

ಎಸೆನ್‌ಕುಲ್ ಟೋಪಿ ತೆಗೆದು ತಲೆ ಕೆರೆದುಕೊಂಡ. ಮೂವತ್ತೆರಡು ವರ್ಷದ ಸಂಸಾರದಲ್ಲಿ ಹೆಂಡತಿ 'ಅಷ್ಟೇ' ಅಂದದ್ದು ಮೂರೋ ನಾಲ್ಕೋ ಸಲ. ಆ ಮಾತಿನ ತೂಕ ಅವನಿಗೆ ಗೊತ್ತಿತ್ತು. "ಪಂಪು ಕೊಡಿ ಅಪಾ" ಅಂದ.

ಅಪಾ ಮೊದಲು ಒಲೆ ಪೂರ್ತಿ ಆರಿಸಿದಳು. ಎಸೆನ್‌ಕುಲನ ಜೇಬಿನಿಂದ ಸಿಗರೇಟು ಪೊಟ್ಟಣ ಎಳೆದು ತನ್ನ ಜೇಬಿಗೆ ಸೇರಿಸಿದಳು. ಇಂಜಿನ್ ತಣ್ಣಗಾದ ಮೇಲೆ ಬ್ಯಾಟರಿ ತಂತಿ ಕಳಚಿ, ಪೆಟ್ರೋಲಿಗೆಂದೇ ಇರುವ ಗಟ್ಟಿ ಕ್ಯಾನುಗಳನ್ನು ಬಯಲಿನಲ್ಲಿ, ನೆಲದ ಮೇಲಿಟ್ಟು ಹಳೆಯದನ್ನೆಲ್ಲ ತುಂಬಿಸಿದರು.

"ಇದನ್ನು ಕಾಲುವೆಗೆ ಸುರಿದ್ರೆ?" ಎಸೆನ್‌ಕುಲ್ ಮೆಲ್ಲಗೆ ಕೇಳಿದ.

"ಸುರಿ, ನಿನ್ನ ಕುರಿ ಅದೇ ನೀರು ಕುಡೀಲಿ! ಪೇಟೆಯ ವರ್ಕ್‌ಶಾಪಿನವರು ಹಳೇ ಆಯಿಲ್ಲು, ಪೆಟ್ರೋಲು ತಗೋತಾರೆ. ಅಲ್ಲಿಗೆ ಕೊಟ್ಟು ಬರ್ತೀನಿ."

ಪೇಟೆಯಿಂದ ಬರುವಾಗ ಅಪಾ ಹೊಸ ಪೆಟ್ರೋಲೂ ಹೊಸ ಫಿಲ್ಟರೂ ತಂದಳು. ಹಳೇ ಫಿಲ್ಟರ್ ಕಳಚಿದರೆ ಒಳಗೆಲ್ಲ ಜೇನಿನ ಹಾಗೆ ಅಂಟು. ಎಸೆನ್‌ಕುಲ್ ಅದನ್ನು ಬೆರಳಿಂದ ಮುಟ್ಟಿ ನೋಡಿ ಹೊಸ ಫಿಲ್ಟರಿಗೆ ಕೈ ಚಾಚಿದ. ಹೊಸದನ್ನು ಹಾಕಿ, ತಂತಿ ಜೋಡಿಸಿ, ಮೂರನೇ ಸಲ ಬೀಗದ ಕೈ ತಿರುಗಿಸಿದಾಗ ಕಾರು ಸ್ಟಾರ್ಟ್ ಆಯಿತು. ಮೊದಲು ಕೆಮ್ಮಿತು, ಆಮೇಲೆ ಹದಕ್ಕೆ ಬಂತು. ಅಪಾ ಸುಮ್ಮನಿರದೆ ಅವರಿಂದ ಊರಿನ ಸುತ್ತ ಹತ್ತು ಕಿಲೋಮೀಟರ್ ಕಾರು ಓಡಿಸಿ ನೋಡಿದ ಮೇಲೇ "ಇನ್ನು ಹೊರಡಿ" ಅಂದಳು.

ಮರುದಿನ ಘಟ್ಟದ ನೆತ್ತಿಯಲ್ಲಿ ಗಾಳಿ ಎಷ್ಟಿತ್ತೆಂದರೆ ಮಾತು ಕೇಳುತ್ತಿರಲಿಲ್ಲ. ರಸ್ತೆಯ ಎರಡೂ ಕಡೆ ಆಳೆತ್ತರ ಹಿಮ. ಬುರುಲ್ಚಾ ಜೀವ ಬಿಗಿಹಿಡಿದು ಇಂಜಿನ್ನಿನ ಸದ್ದನ್ನೇ ಕೇಳುತ್ತಾ ಕೂತಿದ್ದಳು. ಅದು ಒಂದು ಸಲವೂ ತಡವರಿಸಲಿಲ್ಲ.

ಮಧ್ಯಾಹ್ನಕ್ಕೆ ಮುಂಚೆಯೇ ತಲುಪಿದರು. ಬೀಗರು ಮಿಠಾಯಿ ಎರಚಿ ಬರಮಾಡಿಕೊಂಡರು. ಜಿಪಾರ್ ತಾಯಿಯನ್ನು ತಬ್ಬಿಕೊಂಡು ಅತ್ತಳು, ನಕ್ಕಳು. ಬುರುಲ್ಚಾ ಕೂಸನ್ನು ತೊಟ್ಟಿಲಿನಲ್ಲಿ ಮಲಗಿಸಿ, ಪಟ್ಟಿ ಕಟ್ಟಿ, ಬಗ್ಗಿ ಹಣೆಗೆ ಮುತ್ತಿಟ್ಟಳು. ಕೂಸು ಅವಳ ಬೆರಳು ಹಿಡಿದುಕೊಂಡು ಬಿಡಲೇ ಇಲ್ಲ. ಆಚೆ ಎಸೆನ್‌ಕುಲ್ ಬೀಗರನ್ನು ಕೂರಿಸಿಕೊಂಡು "ಪೆಟ್ರೋಲಿನ ಆಯಸ್ಸು ಎಷ್ಟು ಗೊತ್ತಾ ನಿಮಗೆ?" ಅಂತ ತಾನೇ ಕಂಡುಹಿಡಿದವನ ಹಾಗೆ ಪಾಠ ಹೇಳುತ್ತಿದ್ದ. ಬುರುಲ್ಚಾ ಕೇಳಿಸಿಕೊಂಡು ಸುಮ್ಮನೆ ನಕ್ಕಳು.

ಇನ್ನು ನಿಮ್ಮ ಮಾತಿಗೆ ಬರೋಣ. ನಿಮ್ಮ ಮನೆಯಲ್ಲೂ ತಿಂಗಳುಗಟ್ಟಲೆ ನಿಂತ ಕಾರೋ ಸ್ಕೂಟರೋ ಇರಬಹುದು. ಸೀದಾ ಕೀ ತಿರುಗಿಸಬೇಡಿ. ಪೆಟ್ರೋಲು ಎಷ್ಟು ದಿನದ್ದು ಅಂತ ಲೆಕ್ಕ ಹಾಕಿ. ಬಣ್ಣ ಕಪ್ಪಾಗಿದ್ದರೆ, ವಾರ್ನಿಷ್ ವಾಸನೆ ಬಂದರೆ ಮೆಕ್ಯಾನಿಕ್ ಕೈಲಿ ತೆಗೆಸಿ, ಫಿಲ್ಟರ್ ಬದಲಿಸಿ, ಹೊಸದು ಹಾಕಿಸಿ. ಬಾಯಿಂದ ಎಳೆಯಬೇಡಿ, ಒಲೆಗೆ ಸುರಿಯಬೇಡಿ, ಚರಂಡಿಗೆ ಬಿಡಬೇಡಿ. ಮುಂದೆ ಬಹಳ ದಿನ ನಿಲ್ಲಿಸುವುದಿದ್ದರೆ, ಪೆಟ್ರೋಲು ಕೆಡದಂತೆ ಕಾಯುವ ದ್ರವ ಅಂಗಡಿಯಲ್ಲಿ ಸಿಗುತ್ತೆ. ಅದನ್ನು ಬೆರೆಸಿ ಟ್ಯಾಂಕು ತುಂಬಿಸಿ, ಹತ್ತು ನಿಮಿಷ ಇಂಜಿನ್ ಓಡಿಸಿ ನಿಲ್ಲಿಸಿ. ಅದೂ ಬೇಡವೆಂದರೆ ಎರಡು ವಾರಕ್ಕೊಮ್ಮೆ ಗಾಡಿ ತೆಗೆದು ಒಂದು ಸುತ್ತು ಹೋಗಿ ಬನ್ನಿ. ನೀವು ಹೋಗುವ ಕಡೆ ಯಾರೋ ಬಾಗಿಲಲ್ಲಿ ನಿಂತು ದಾರಿ ಕಾಯುತ್ತಿರುತ್ತಾರೆ, ಅವರನ್ನು ಕಾಯಿಸಬೇಡಿ.