ಎರಡು ಸಲ ತಟ್ಟಿದರೆ

ಮುದ್ರಣಾಲಯದಲ್ಲಿ ಮೂವತ್ತೆಂಟು ವರ್ಷ ಕರಡು ತಿದ್ದಿದ ಮುದುಕರು ಬೆಳಗಿನಿಂದ ಒಂದು ಸಾಲು ಬರೆಯಲಾರದೆ ಕೂತಿದ್ದರು. ಎದುರಿಗೆ ಹೆಂಡತಿಯ ನೋಟುಬುಕ್ಕು ತೆರೆದಿತ್ತು. ಆಕೆ ಹೋಗಿ ಹತ್ತೊಂಬತ್ತು ದಿನ. ವರ್ಷದ ಕೊನೆಯ ದಿನ ಇದು. ಮಧ್ಯಾಹ್ನ ನಾದಿನಿ ಬರುತ್ತಾಳೆ, ನೋಟುಬುಕ್ಕು ಕೇಳುತ್ತಾಳೆ.

ಅಕ್ಕತಂಗಿಯರು ಲಂಗ ಹಾಕುವ ವಯಸ್ಸಿನಲ್ಲೇ ಮಾಡಿಕೊಂಡ ಕಟ್ಟುಪಾಡು ಅದು. ವರ್ಷವಿಡೀ ಓದಿದ್ದನ್ನು ಬರೆದಿಡುವುದು. ಕೊನೆಯ ದಿನ ನೋಟುಬುಕ್ಕು ಅದಲುಬದಲು ಮಾಡಿಕೊಂಡು ಒಬ್ಬರನ್ನೊಬ್ಬರು ಪ್ರಶ್ನೆ ಕೇಳುವುದು. ಉತ್ತರ ಬಾರದ ಪುಸ್ತಕಕ್ಕೆ ಅಡ್ಡಗೆರೆ, ಉಳಿದದ್ದಕ್ಕೆ ಸಹಿ. ಒಮ್ಮೆ ತಂಗಿ ಹಿಂದಿನ ರಟ್ಟನ್ನಷ್ಟೇ ಓದಿ ಒಂದು ಕಾದಂಬರಿಯನ್ನು ಪಟ್ಟಿಗೆ ಸೇರಿಸಿ ಸಿಕ್ಕಿಬಿದ್ದಿದ್ದಳು. "ಹೊಸಿಲು ಮುಟ್ಟಿ, ಮನೆಯೆಲ್ಲಾ ನೋಡಿದೆ ಅಂದವಳು ಇವಳು" ಎಂದು ಅಕ್ಕ ಇಪ್ಪತ್ತು ವರ್ಷ ಆಡಿಕೊಂಡಳು.

ಈ ವರ್ಷ ಅಕ್ಕ ಕಾಯಿಲೆಯಿಂದ ಹಾಸಿಗೆ ಹಿಡಿದಳು, ಕಣ್ಣೂ ಹೋಯಿತು. ಎಡಪುಟದಲ್ಲಿ ಆಕೆಯ ಕೈಬರಹದ ಹನ್ನೆರಡು ಪುಸ್ತಕ. ಸಾಲು ಸಾಲಿಗೆ ಅಕ್ಷರ ದೊಡ್ಡದಾಗುತ್ತಾ ಬಂದು ನಿಂತುಹೋಗಿತ್ತು. ಬಲಪುಟದಲ್ಲಿ ಫೋನಿನಲ್ಲಿ ಓದಿಸಿ ಕೇಳಿದ ಇಪ್ಪತ್ತೆಂಟು ಪುಸ್ತಕ, ಗಂಡನ ಮುತ್ತಿನಂಥ ಅಕ್ಷರದಲ್ಲಿ.

"ಕಿವಿ ಕಳ್ಳ, ರೀ" ಎನ್ನುತ್ತಿದ್ದಳು. "ಕಣ್ಣು ಮುಚ್ಚಿದ್ರೆ ಓದು ನಿಲ್ಲುತ್ತೆ. ಕಿವಿ ಮಲಗಿದ್ರೂ ಕಥೆ ಓಡ್ತಾನೇ ಇರುತ್ತೆ. ನಾನು ಮೋಸ ಮಾಡಲ್ಲಪ್ಪ."

ಅದಕ್ಕೇ ಒಂದು ಏರ್ಪಾಡು ಮಾಡಿಕೊಂಡಿದ್ದಳು. ಅಧ್ಯಾಯ ಮುಗಿದಾಗ ಬೆರಳಿನ ಉಂಗುರದಿಂದ ಮಂಚದ ಕಂಬಿ ತಟ್ಟುವುದು. ಒಂದು ಸಲ ತಟ್ಟಿದರೆ, ಕೇಳಿದೆ, ಮುಂದೆ ಹೋಗಲಿ. ಎರಡು ಸಲ ತಟ್ಟಿದರೆ, ಕೇಳಲಿಲ್ಲ, ಹಿಂದಕ್ಕೆ ತಿರುಗಿಸಿ. ಒಂದೇ ಅಧ್ಯಾಯವನ್ನು ನಾಲ್ಕು ಸಲ ತಿರುಗಿಸಿದ ದಿನಗಳೂ ಇದ್ದವು.

ನಲವತ್ತೊಂದನೆಯದು ಒಬ್ಬ ಗಡಿಯಾರ ರಿಪೇರಿಯವನ ಕಥೆ. ಆಕೆ ಹೋದ ದಿನ ಮಧ್ಯಾಹ್ನ ಏಳನೆಯ ಅಧ್ಯಾಯ ಮುಗಿದಾಗ ಒಂದು ಸಲ ತಟ್ಟಿದಳು. ಅದು ಅವರಿಗೆ ಚೆನ್ನಾಗಿ ನೆನಪಿದೆ. ಸಂಜೆ, ದಿನಾ ಬರುವ ನರ್ಸ್ ಬಂದು ಕೈ ಮುಟ್ಟಿ ನೋಡಿದಾಗ ಮೈ ತಣ್ಣಗಾಗಿತ್ತು. ಫೋನು ಮಾತ್ರ ಹನ್ನೆರಡನೆಯ ಅಧ್ಯಾಯ ಓದುತ್ತಿತ್ತು.

ನಡುವಿನದ್ದನ್ನು ಅವರು ಯಾರಿಗೂ ಹೇಳಿರಲಿಲ್ಲ. ಎರಡು ಹೊತ್ತೂ ದೇವರ ಮುಂದೆ ಕೂರುತ್ತಿದ್ದರು. ತುಟಿ ನಾಮ ಹೇಳುತ್ತಿತ್ತು, ಮನಸ್ಸು ಮಂಚದ ಕಂಬಿ ಹಿಡಿದು ನಿಂತಿರುತ್ತಿತ್ತು.

ನಾದಿನಿ ಬಂದವಳು ನೀರು ಕುಡಿದು ತನ್ನ ನೋಟುಬುಕ್ಕನ್ನು ಮೇಜಿನ ಮೇಲಿಟ್ಟಳು. "ಕೊಡಿ ಭಾವ, ಅಕ್ಕಂದು." ಬೆರಳಿಟ್ಟು ಸಾಲುಗಳನ್ನು ನೋಡುತ್ತಾ ಕೆಳಗಿಳಿದಳು. "ನಲವತ್ತು... ನಲವತ್ತೊಂದು ಯಾಕೆ ಖಾಲಿ?"

"ಎಲ್ಲಿವರೆಗೆ ಅಂತ ಬರೀಬೇಕೋ ಗೊತ್ತಾಗ್ಲಿಲ್ಲಮ್ಮ."

"ಪೂರ್ತಿ ಅಂತ ಬರೆದುಬಿಡಿ. ನಾನೇನು ಅಕ್ಕನ್ನ ಎಬ್ಬಿಸಿ ಪ್ರಶ್ನೆ ಕೇಳ್ತೀನಾ? ಯಾರು ನೋಡ್ತಾರೆ?"

"ನೋಡೋನು ನೋಡ್ತಾನೆ" ಎಂದರು ಮುದುಕರು. ಆಮೇಲೆ, ಕಟ್ಟಿದ ಮೋರಿ ಬಿಚ್ಚಿಕೊಂಡ ಹಾಗೆ, ಎಲ್ಲವೂ ಹೊರಗೆ ಬಂತು.

"ಎಂಟನೇ ಅಧ್ಯಾಯ ಶುರುವಾದಾಗ ನಾನು ಸದ್ದು ತಗ್ಗಿಸಿದೆ. ಸುಸ್ತಾಗಿತ್ತು ಅನ್ನಬಹುದು. ಸುಸ್ತಷ್ಟೇ ಅಲ್ಲ. ಆ ಓದೋನ ದನಿ ಸಾಕಾಗಿತ್ತು. ಕಾಯಿಲೆ ಸಾಕಾಗಿತ್ತು. ಅವಳಿಗೆ ನಿದ್ದೆ ಬಂದಿರುತ್ತೆ ಅಂದ್ಕೊಂಡು ಈ ಕುರ್ಚಿಲಿ ಕಣ್ಣು ಮುಚ್ಚಿದೆ. ಮಂಪರಲ್ಲಿ ಕೇಳಿಸ್ತು, ಎರಡು ಸಲ. ಟಕ್, ಟಕ್. 'ಆಯ್ತು ಇರು' ಅಂದೆ. ಏಳಲಿಲ್ಲ."

"ಕನಸಿರಬಹುದು."

"ಇರಬಹುದು. ಅಲ್ಲದೇನೂ ಇರಬಹುದು."

 ನಾದಿನಿ ಎದ್ದು, ಬರಿದಾಗಿದ್ದ ಮಂಚದ ಮೇಲೆ ಅಕ್ಕನ ದಿಂಬಿಗೆ ತಲೆ ಕೊಟ್ಟು ಮಲಗಿದಳು.

"ಎಷ್ಟು ತಗ್ಗಿಸಿದ್ರೋ ಅಷ್ಟೇ ಇಟ್ಟು ಹಾಕಿ."

ಮುದುಕರು ಫೋನನ್ನು ಅಂದಿನ ಜಾಗದಲ್ಲಿ, ಕಿಟಕಿಯ ಕಟ್ಟೆಯ ಮೇಲಿಟ್ಟು, ಎಂಟನೆಯ ಅಧ್ಯಾಯ ಹಾಕಿದರು. ಹತ್ತಿರವೇ ನಿಂತ ಅವರಿಗೆ ಮಾತು ಮಾತಾಗಿ ಕೇಳುತ್ತಿತ್ತು. ನಾದಿನಿ ಕಣ್ಣು ಮುಚ್ಚಿದ್ದಳು. ಅಕ್ಕನ ಹಾಗೆಯೇ ಗಲ್ಲ ಮೇಲೆತ್ತಿ ಮಲಗುವ ರೀತಿ. ಅವರು ನೋಡಲಾರದೆ ಗೋಡೆಯ ಕಡೆ ತಿರುಗಿದರು. ದೇವರೇ, ಕೇಳಿಸ್ತು ಅನ್ನಲಿ. ಸುಳ್ಳಾದರೂ ಸರಿ, ಒಂದೇ ಸಲ ತಟ್ಟಲಿ.

ಕಂಬಿ ಸದ್ದು ಮಾಡಿತು. ಟಕ್. 

ಟಕ್.

ನಾದಿನಿ ಎದ್ದು ಕೂತಳು. ಕೆನ್ನೆ ಒದ್ದೆಯಾಗಿತ್ತು. "ಗುಂಯ್ ಅನ್ನುತ್ತೆ, ಅಷ್ಟೇ. ಒಂದು ಮಾತೂ ತಿಳಿಯಲ್ಲ. ಸುಳ್ಳು ಹೇಳೋಣ ಅಂತಾನೇ ಮಲಗಿದ್ದೆ ಭಾವ. ಈ ದಿಂಬಿನ ಮೇಲೆ ಆಗಲಿಲ್ಲ."

ಮುದುಕರು ಫೋನು ನಿಲ್ಲಿಸಿದರು. ಮೇಜಿಗೆ ಬಂದು ಪೆನ್ನು ಹಿಡಿದು, ಜೀವಮಾನವೆಲ್ಲಾ ಬೇರೆಯವರ ತಪ್ಪಿಗೆ ಗುರುತು ಹಾಕಿದ ಕೈಯಿಂದ ಬರೆದರು: "ನಲವತ್ತೊಂದು. ಗಡಿಯಾರದವನ ಕಥೆ. ಏಳು ಅಧ್ಯಾಯ ಕೇಳಿದಳು. ಮುಂದಿನದ್ದನ್ನು ನಾನು ಕೇಳಿಸಲಿಲ್ಲ."

ನೋಟುಬುಕ್ಕನ್ನು ಆಕೆಯ ಕಡೆ ತಳ್ಳಿದರು. ಆಕೆ ಓದಿದಳು. ಅಡ್ಡಗೆರೆ ಎಳೆಯಲಿಲ್ಲ, ಸಮಾಧಾನದ ಮಾತೂ ಆಡಲಿಲ್ಲ. ಪ್ರತಿ ವರ್ಷ ಹಾಕುವ ಜಾಗದಲ್ಲಿ ಸಹಿ ಹಾಕಿ, ತನ್ನ ನೋಟುಬುಕ್ಕನ್ನು ಚೀಲಕ್ಕೆ ಸೇರಿಸಿಕೊಂಡಳು. ಅದನ್ನು ಕೇಳುವವರು ಇನ್ನಾರೂ ಇರಲಿಲ್ಲ.