ಬಿಚ್ಚದ ಗಂಟು

ಬಜೆ ಬೇರಿನ ಘಾಟು ಮೂಗಿಗೆ ಬಡಿದರೆ ಗುರುಮಲ್ಲಮ್ಮನವರಿಗೆ ಅಪ್ಪನ ನೆನಪು. ಚಂದಕವಾಡಿಯ ಸಹಕಾರ ಸಂಘದಲ್ಲಿ ಲೆಕ್ಕ ಬರೆಯುತ್ತಿದ್ದ ಅಪ್ಪ, ಮಾರ್ಚ್ ಕೊನೆಗೆ ಪುಸ್ತಕ ಮುಚ್ಚುವಾಗ ಹುಳ ಹತ್ತದಿರಲಿ ಎಂದು ನಡುವೆ ಒಂದು ತುಂಡು ಬಜೆ ಇಡುತ್ತಿದ್ದರು. ಆಮೇಲೆ ನೂಲಿನ ದಾರ ಸುತ್ತಿ, ಕರು ಕಟ್ಟುವ ಹಗ್ಗಕ್ಕೆ ಹಾಕುವ ಕಣ್ಣಿ ಗಂಟು ಹಾಕುತ್ತಿದ್ದರು. ಗೊತ್ತಿಲ್ಲದವರು ಎಳೆದಷ್ಟೂ ಅದು ಬಿಗಿಯುತ್ತದೆ. ಗೊತ್ತಿದ್ದವರು ಒಂದು ತುದಿ ಹಿಡಿದರೆ ಸರಕ್ಕನೆ ಬಿಚ್ಚಿಕೊಳ್ಳುತ್ತದೆ. ಅಪ್ಪನ ತೊಡೆಯ ಮೇಲೆ ಕೂತು ಆ ಗಂಟನ್ನು ಕಲಿತಾಗ ಅವರಿಗೆ ಏಳು ವರ್ಷ. ಅಪ್ಪನ ಅಂಗಿಯ ತೋಳಿನಲ್ಲೂ ಅದೇ ಘಾಟು ಇರುತ್ತಿತ್ತು.

ಅರವತ್ತೆಂಟರ ಗುರುಮಲ್ಲಮ್ಮ ಈಗಲೂ ತಮ್ಮ ಬಾಡಿಗೆ ಪುಸ್ತಕವನ್ನು ಹಾಗೆಯೇ ಕಟ್ಟಿಡುತ್ತಾರೆ. ಗುಂಡ್ಲುಪೇಟೆಯಲ್ಲಿ ಅವರ ಗಂಡ ಗುರುಪಾದಸ್ವಾಮಿ ಕಟ್ಟಿಸಿದ ಸಾಲುಮನೆಗಳು ಮೂರು. ಎರಡಕ್ಕೆ ತಿಂಗಳಿಗೆ ಆರಾರು ಸಾವಿರ ಬಾಡಿಗೆ. ಮೂರನೆಯದು ಭೋಗ್ಯಕ್ಕೆ. ಅದರಲ್ಲಿ ಇದ್ದವನು ಲಾರಿ ಓಡಿಸುವ ಮಾದಣ್ಣ. ತಿಂಗಳ ಬಾಡಿಗೆ ಇಲ್ಲ. ಹೋದ ವರ್ಷ ಆರು ಲಕ್ಷವನ್ನು ಒಟ್ಟಿಗೆ ಕೊಟ್ಟಿದ್ದ, ಮನೆ ಬಿಡುವ ದಿನ ಆ ಆರು ಲಕ್ಷವನ್ನೂ ಪೂರ್ತಿ ಎಣಿಸಿಕೊಂಡು ಹೋಗುತ್ತಾನೆ. ಆ ಸೀಮೆಯಲ್ಲಿ ಇದು ಹೊಸದೇನಲ್ಲ.

ಶನಿವಾರ ಸಂಜೆ ಮಾದಣ್ಣ ಬಾಗಿಲಲ್ಲಿ ಬಂದು ನಿಂತ. "ಅವ್ವಾ, ಭೀಮನಬೀಡಲ್ಲಿ ಮನೆಗೆ ಪಾಯ ಆಕ್ಸಿವ್ನಿ. ಯುಗಾದಿಗೆ ದುಡ್ಡು ಬೇಕಾಯ್ತದೆ. ನಿಮ್ಗೆ ತೊಂದ್ರೆ ಇಲ್ದಂಗೆ ನೋಡ್ಕೊಳಿ."

"ನಿನ್ನ ದುಡ್ಡು ಕಣಪ್ಪ. ತೊಂದರೆ ಏನು ಬಂತು," ಎಂದರು. ಅವನು ಹೋದ ಮೇಲೆ ಕರಾರು ಪತ್ರ ಹುಡುಕಲು ಟ್ರಂಕು ತೆಗೆದರು. ಬಜೆಯ ಘಾಟು ಎದ್ದಿತು. ಪತ್ರದ ಜೊತೆಗೆ ಜುಲೈನಲ್ಲಿ ಆದಾಯ ತೆರಿಗೆಗೆ ಸಲ್ಲಿಸಿದ ರಿಟರ್ನಿನ ಪ್ರತಿಯೂ ಮಡಿಚಿಕೊಂಡು ಬಂತು. ನಾಲ್ಕು ವರ್ಷದಿಂದ ಅಂಥ ಕಾಗದವನ್ನು ಮಡಿಕೆ ಬಿಚ್ಚದೆ ಇಡುತ್ತಿದ್ದವರು ಅವತ್ತು ಯಾಕೋ ಓದಿದರು.

ಬಾಡಿಗೆ ಆದಾಯ: ಏಳು ಲಕ್ಷ ನಲವತ್ತನಾಲ್ಕು ಸಾವಿರ.

ಎರಡು ಮನೆಯ ಬಾಡಿಗೆ ವರ್ಷಕ್ಕೆ ಒಂದು ಲಕ್ಷ ನಲವತ್ತನಾಲ್ಕು ಸಾವಿರ. ಉಳಿದ ಆರು ಲಕ್ಷ ಮಾದಣ್ಣನದು. ಮರಳಿ ಕೊಡಬೇಕಾದ ದುಡ್ಡನ್ನು ಯಾರೋ ಅವರ ಆದಾಯ ಎಂದು ಬರೆದಿದ್ದರು. ಅದಕ್ಕೆ ಅವರು ಮೂವತ್ತನಾಲ್ಕು ಸಾವಿರದ ಎಂಟುನೂರ ನಲವತ್ತು ರೂಪಾಯಿ ತೆರಿಗೆ ಕಟ್ಟಿದ್ದರು. ಕೈಯಲ್ಲಿ ಅಷ್ಟು ಇಲ್ಲದೆ, ಬ್ಯಾಂಕಿನಲ್ಲಿಟ್ಟಿದ್ದ ಮಾದಣ್ಣನ ದುಡ್ಡಿನಿಂದಲೇ ತೆಗೆದು ಕಟ್ಟಿದ್ದರು. ಆಮೇಲೆ ತುಂಬಿಸಿದರಾಯಿತು ಎಂದುಕೊಂಡದ್ದು ಇನ್ನೂ ತುಂಬಿರಲಿಲ್ಲ.

ಅದರ ಕೆಳಗೆ ಪಿನ್ ಹೊಡೆದ ರಸೀದಿ. ರಿಟರ್ನ್ ಸಲ್ಲಿಸಿದ್ದಕ್ಕೆ ಮೂರೂವರೆ ಸಾವಿರ. ಲೆಕ್ಕಪುಸ್ತಕ ಪರಿಶೀಲಿಸಿ ಬರೆದದ್ದಕ್ಕೆ ಹನ್ನೆರಡು ಸಾವಿರ. ಎರಡು ಮನೆಯ ಒಂದು ತಿಂಗಳ ಬಾಡಿಗೆ ಅಷ್ಟಕ್ಕೆ ಅಷ್ಟು.

ಟ್ರಂಕಿನ ತಳದಲ್ಲಿ ಆ ವರ್ಷದ ಪುಸ್ತಕ ಇತ್ತು. ಜೂನ್‌ನಲ್ಲಿ ಕೊಟ್ಟು ಜುಲೈನಲ್ಲಿ ವಾಪಸ್ ತಂದು ಹಾಗೇ ಇಟ್ಟದ್ದು. ಕೈಗೆತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದರು. ದಾರ ಅವರದು. ಗಂಟೂ ಅವರದು. ಅವರೇ ಹಾಕಿದ್ದ ಕಣ್ಣಿ ಗಂಟು, ಮಾರ್ಚ್‌ನಲ್ಲಿ ಹೇಗಿತ್ತೋ ಹಾಗೇ ಇತ್ತು.

ಆ ರಾತ್ರಿ ಅವರು ಊಟ ಮಾಡಲಿಲ್ಲ.

ಸೋಮವಾರ ಬೆಳಗ್ಗೆ, ಆ ರಸೀದಿ ಕೊಟ್ಟವನನ್ನು ಕಾಣಲು ಚಾಮರಾಜನಗರದ ಬಸ್ಸು ಹತ್ತಿದರು. ಕಂಡಕ್ಟರು ಹೆಂಗಸರ ಶೂನ್ಯ ಟಿಕೆಟ್ಟು ಹರಿದು ಕೊಟ್ಟು, ಅವರ ಕೈಚೀಲವನ್ನು ತಾನೇ ಎತ್ತಿ ಕಿಟಕಿ ಪಕ್ಕದ ಸೀಟಿನಲ್ಲಿಟ್ಟ. ಬೇರೆ ದಿನವಾಗಿದ್ದರೆ ಅವರು ಅವನ ಊರು, ಮಕ್ಕಳು ಎಲ್ಲ ವಿಚಾರಿಸುತ್ತಿದ್ದರು. ಅವತ್ತು ಬರೀ ತಲೆಯಾಡಿಸಿದರು. ಚೀಲದಲ್ಲಿ ಪುಸ್ತಕ, ರಿಟರ್ನು, ಮಧ್ಯಾಹ್ನಕ್ಕೆಂದು ಕಟ್ಟಿಕೊಂಡ ಅಕ್ಕಿರೊಟ್ಟಿ, ಅವರೆಕಾಳು ಪಲ್ಯದ ಡಬ್ಬಿ. ತೆರಕಣಾಂಬಿ ದಾಟುವ ಹೊತ್ತಿಗೆ ಹೇಳಬೇಕಾದ್ದನ್ನೆಲ್ಲ ಎರಡು ಸಲ ಮನಸ್ಸಿನಲ್ಲೇ ಹೇಳಿ ಆಗಿತ್ತು. ಎರಡನೆಯ ಸಲ ಇನ್ನೂ ಖಾರವಾಗಿತ್ತು.

ಅವರ ಸಿಟ್ಟು ಅರ್ಧ ತಮ್ಮ ಮೇಲೆಯೇ. ಚಾಮರಾಜನಗರದಲ್ಲೇ ಅರ್ಥಶಾಸ್ತ್ರ ಓದಿ ಬಿ.ಎ. ಮಾಡಿದವರು ಅವರು. ಗಂಡ ಬದುಕಿದ್ದಷ್ಟು ದಿನ ಗಂಡ ನೋಡಿಕೊಂಡರು. ಗಂಡ ತೀರಿಕೊಂಡಾಗ, ಅವರ ಗೆಳೆಯನ ಮಗ, ತೆರಿಗೆ ಲೆಕ್ಕ ಮಾಡಿಕೊಡುವ ಸುನೀಲ್ ಕುಮಾರ್ ಬಂದು ಅಂಗಳದಲ್ಲಿ ಕುರ್ಚಿ ಹಾಕಿಸಿದ, ಬಂದವರಿಗೆ ನೀರು ಕೊಟ್ಟ, "ಟ್ಯಾಕ್ಸ್ ಗೀಕ್ಸ್ ಎಲ್ಲ ನಾನ್ ನೋಡ್ಕೋತೀನಿ ಆಂಟಿ, ನೀವ್ ತಲೆ ಕೆಡಿಸ್ಕೋಬೇಡಿ," ಎಂದ. ಆ ಕುರ್ಚಿಗಳ ಋಣಕ್ಕೆ ನಾಲ್ಕು ವರ್ಷ ತೋರಿಸಿದ ಕಡೆಯಲ್ಲೆಲ್ಲ ಸಹಿ ಹಾಕಿದ್ದರು. ಮೊದಲ ವರ್ಷ ಫೀಸು ನಾಲ್ಕು ಸಾವಿರ. ಈಗ ಹದಿನೈದೂವರೆ. ಮನೆ ಮೂರೇ.

ಸುನೀಲನ ಕಚೇರಿ ಒಂದು ಮೆಡಿಕಲ್ ಸ್ಟೋರಿನ ಮೇಲಿನ ಮಹಡಿಯಲ್ಲಿತ್ತು. ಒಳಗೆ ಕಂಪ್ಯೂಟರಿನ ಮುಂದೆ ಕೂತಿದ್ದ ಹುಡುಗಿ ಶಿವರಂಜಿನಿ ಎದ್ದು ಫ್ಯಾನಿನ ಕೆಳಗಿನ ಕುರ್ಚಿ ಖಾಲಿ ಮಾಡಿಕೊಟ್ಟಳು. ಪಕ್ಕದಲ್ಲಿ ಹೆಗಲ ಮೇಲೆ ಟವೆಲು ಹಾಕಿಕೊಂಡ ಒಬ್ಬ ವಯಸ್ಸಾದವರು, ತೊಡೆಯ ಮೇಲೆ ಒಂದು ನೋಟ್‌ಬುಕ್ಕು.

"ನಿಮ್ದೂ ಬಾಡ್ಗೆ ಲೆಕ್ಕವೇನವ್ವ?" ಎಂದು ಅವರೇ ಮಾತು ತೆಗೆದರು.

"ಹೌದು. ನಿಮ್ಮದು?"

"ಚಂದಕವಾಡಿ ರೋಡಲ್ಲಿ ಎರಡು ಅಂಗ್ಡಿ ಮಳಿಗೆ ಅವೆ ಕಣವ್ವ. ಮಾದಪ್ಪ ಅಂತ ನಾನು. ಒಂದು ಮಳಿಗೆ ಬಾಡ್ಗೆ ನನ್ ಮೊಮ್ಮಗಳು ಫೀಸಿಗೆ ಓಯ್ತದೆ, ಇನ್ನೊಂದ್ರುದ್ದು ಈವಯ್ಯನ ಫೀಸಿಗೆ ಓಯ್ತದೆ. ನಂಗೆ ಉಳ್ಯೋದು ಬೀಗದ ಕೈ ಒಂದೇ."

ಬೇರೆ ದಿನವಾಗಿದ್ದರೆ ನಗು ಬರುತ್ತಿತ್ತು.

ಹನ್ನೊಂದೂವರೆಗೆ ಸುನೀಲ್ ಬಂದ. "ಏನ್ ಆಂಟಿ, ಇಷ್ಟು ದೂರ ಯಾಕ್ ಬರೋಕ್ ಹೋದ್ರಿ? ಒಂದು ಫೋನ್ ಮಾಡಿದ್ರೆ ಆಗ್ತಿತ್ತು."

"ಮಾಡಿದ್ದೆ. ಶನಿವಾರ ಮೂರು ಸಲ, ನಿನ್ನೆ ಎರಡು ಸಲ."

ಅವನು ರಿಟರ್ನನ್ನು ತಿರುವಿ ನೋಡಿದ. "ಬ್ಯಾಂಕಿಗೆ ಬಂದಿರೋ ದುಡ್ಡು ಅಲ್ವಾ ಆಂಟಿ ಇದು. ಟೆನೆಂಟ್ ಹೆಸರಿಂದ ಬಂದ್ರೆ ಸಿಸ್ಟಮ್ ಬಾಡಿಗೆ ಅಂತ್ಲೇ ತಗೊಳತ್ತೆ. ಭೋಗ್ಯ ಅಂತ ನೀವು ಹೇಳ್ಬೇಕಿತ್ತು."

"ಹೇಳಿದ್ದೀನಿ. ಮೂರನೇ ಪುಟದಲ್ಲಿ ಬರೆದು ಕೊಟ್ಟಿದ್ದೀನಿ."

"ಯಾವ ಮೂರನೇ ಪುಟ?"

ಗುರುಮಲ್ಲಮ್ಮ ಪುಸ್ತಕವನ್ನು ತೆಗೆದು ಅವನ ಮುಂದಿಟ್ಟರು. "ಹೋದ ಜೂನ್‌ನಲ್ಲಿ ನೀನು ಇದನ್ನು ಪರಿಶೀಲಿಸಿ ಬರೆದೆ ಅಂತ ರಸೀದಿ ಹೇಳ್ತದೆ. ಬಿಚ್ಚು, ಸುನೀಲ."

ಅವನು ದಾರದ ತುದಿ ಎಳೆದ. ಗಂಟು ಬಿಗಿಯಿತು. ಇನ್ನೊಂದು ತುದಿ ಎಳೆದ. ಇನ್ನೂ ಬಿಗಿಯಿತು. ಉಗುರು ಹಾಕಿ ಕೆದಕಿದ. "ಏನ್ ಆಂಟಿ ಇದು," ಎಂದು ನಕ್ಕು, ಪೆನ್ನಿನ ಡಬ್ಬದಿಂದ ಕತ್ತರಿ ತೆಗೆದ.

"ಕತ್ತರಿ ಬೇಡ. ಹೋದ ಸಲ ಹೇಗೆ ಬಿಚ್ಚಿದೆಯೋ ಹಾಗೇ ಬಿಚ್ಚು."

ಅವರ ದನಿ ಏರಿರಲಿಲ್ಲ. ಆದರೆ ಶಿವರಂಜಿನಿಯ ಟೈಪಿಂಗಿನ ಸದ್ದು ನಿಂತಿತು. ಮಾದಪ್ಪ ಕುತ್ತಿಗೆ ಚಾಚಿ ನೋಡಿ, "ಇತ್ಲಾಗ್ ಕೊಡಿ ಸಾ," ಎಂದರು. "ಕರ ಕಟ್ಟೋ ಗಂಟು ಅಲ್ವ ಇದು." ತುದಿಯೊಂದನ್ನು ಮಡಿಚಿ ಮೆಲ್ಲಗೆ ಎಳೆದರು. ದಾರ ಸರಕ್ಕನೆ ಸಡಿಲವಾಯಿತು. ಪುಸ್ತಕ ಬಾಯಿ ಬಿಟ್ಟಿತು. ಬಜೆಯ ತುಂಡು ಮೇಜಿನ ಮೇಲೆ ಉರುಳಿತು. ಮಾದಪ್ಪ ಅದನ್ನೂ ನೋಡಿದರು, ಸುನೀಲನ ಮುಖವನ್ನೂ ನೋಡಿದರು. "ಓ," ಎಂದರು. "ತೆಗ್ದೇ ಇಲ್ಲ ಅನ್ನಿ."

ಮೂರನೇ ಪುಟದಲ್ಲಿ ಗುರುಮಲ್ಲಮ್ಮನವರ ಗುಂಡು ಅಕ್ಷರ: ಮೂರನೇ ಮನೆ, ಮಾದಣ್ಣ, ಭೋಗ್ಯ ಆರು ಲಕ್ಷ, ಇದು ಬಾಡಿಗೆಯಲ್ಲ, ಮರಳಿಸತಕ್ಕದ್ದು. ಕೆಳಗೆ ಎರಡು ಗೆರೆ ಎಳೆದಿತ್ತು.

ಸುನೀಲ್ ಕುರ್ಚಿಗೆ ಒರಗಿದ. "ಸರಿ, ತಪ್ಪಾಗಿದೆ. ತಿದ್ದಿ ಹಾಕೋಣ. ರಿವೈಸ್ ಮಾಡೋಕೆ ಒಂಬತ್ತು ಸಾವಿರ ಆಗತ್ತೆ ಆಂಟಿ, ನಿಮಗೆ ಅಂತ ಕಮ್ಮಿ ಹೇಳ್ತಿರೋದು. ಈ ವಾರ ಕೆಲ್ಸ ಜಾಸ್ತಿ. ಜನವರಿ ಹತ್ತು ಕಳೀಲಿ."

ಶಿವರಂಜಿನಿ ಗೋಡೆಯ ಕ್ಯಾಲೆಂಡರಿನ ಕಡೆ ನೋಡಿ ತಕ್ಷಣ ತಲೆ ತಗ್ಗಿಸಿದಳು. ಗುರುಮಲ್ಲಮ್ಮನವರಿಗೆ ಅದು ಕಾಣಿಸಿತು. ಅವತ್ತು ಡಿಸೆಂಬರ್ ಇಪ್ಪತ್ತೆರಡು.

"ತಿದ್ದೋಕೆ ಕೊನೆಯ ದಿನ ಯಾವುದಮ್ಮ?" ಎಂದು ಹುಡುಗಿಯನ್ನೇ ಕೇಳಿದರು.

ಹುಡುಗಿ ಸುನೀಲನನ್ನು ನೋಡಿದಳು. "ಮೂವತ್ತೊಂದು," ಎಂದಳು, ಕೇಳಿಸಿಯೂ ಕೇಳಿಸದ ಹಾಗೆ.

"ನಿನ್ನ ಕೆಲ್ಸ ನೀನ್ ಮಾಡು," ಎಂದ ಸುನೀಲ್.

ಅಲ್ಲಿಯವರೆಗೆ ಗುರುಮಲ್ಲಮ್ಮನವರಿಗೆ ಇದ್ದದ್ದು ಸೋಮಾರಿತನದ ಮೇಲಿನ ಸಿಟ್ಟು. ಈಗ ಬಂದದ್ದು ಬೇರೆ. ದಿನ ಮೀರಿದರೆ ದುಡ್ಡು ಹೋಗುತ್ತದೆ ಎಂದು ಗೊತ್ತಿದ್ದೇ ಅವನು ಜನವರಿ ಎಂದಿದ್ದ. ಪುಸ್ತಕವನ್ನು ಎದೆಗೆ ಅವುಚಿಕೊಂಡರು. "ನನ್ನ ಪಾಸ್‌ವರ್ಡ್ ಕೊಡು. ನಾನು ಬೇರೆ ಕಡೆ ಮಾಡಿಸ್ಕೋತೀನಿ."

"ಅಕೌಂಟು ನನ್ನ ಫೋನ್ ನಂಬರಲ್ಲಿ ಇರೋದು ಆಂಟಿ. ಹಾಗೆಲ್ಲ ಕೊಡೋಕಾಗಲ್ಲ. ಒಂಬತ್ತು ಸಾವಿರ ಕಟ್ಟಿ, ಇವತ್ತೇ ಮಾಡಿಸ್ತೀನಿ."

"ಈಗ ತಾನೇ ಪುರುಸೊತ್ತಿಲ್ಲ ಅಂದೆ."

ಅವನು ಯಾವುದೋ ಫೋನು ಬಂದಿತೆಂದು ಹೊರಗೆ ಹೋದ, ಬಂದ, ಮತ್ತೆ ಹೋದ. ಒಂದು ಗಂಟೆಗೆ ಬೈಕಿನ ಕೀ ತೆಗೆದುಕೊಂಡು, "ಊಟ ಮಾಡ್ಕೊಂಡು ಬರ್ತೀನಿ. ಯೋಚ್ನೆ ಮಾಡಿ ಆಂಟಿ," ಎಂದು ಮೆಟ್ಟಿಲಿಳಿದ. ಗುರುಮಲ್ಲಮ್ಮ ಕುರ್ಚಿಯಿಂದ ಕದಲಲಿಲ್ಲ.

ಶಿವರಂಜಿನಿಯೂ ದಿನವೂ ಆ ಹೊತ್ತಿಗೆ ಮನೆಗೆ ಹೋಗಿ ಉಂಡು ಬರುವವಳು. ಚಪ್ಪಲಿ ಮೆಟ್ಟಿಕೊಂಡವಳು ಬಾಗಿಲ ಹತ್ತಿರ ನಿಂತಳು. ವಾಪಸ್ ಬಂದಳು.

"ಅಮ್ಮಾ, ನಿಮ್ಮ ಆಧಾರ್‌ಗೆ ಯಾವ ನಂಬರ್ ಕೊಟ್ಟಿದ್ದೀರಿ?"

"ನನ್ನದೇ." ಗುರುಮಲ್ಲಮ್ಮ ಸೊಂಟದ ಚೀಲದಿಂದ ಬಟನ್ ಫೋನು ತೆಗೆದರು.

"ಹಾಗಾದ್ರೆ ಸಾರ್ ಫೋನ್ ಬೇಕಾಗಿಲ್ಲ. ಪಾಸ್‌ವರ್ಡ್ ಮರ್ತೋಗಿದೆ ಅಂತ ಕೊಟ್ರೆ ಓಟಿಪಿ ಇದಕ್ಕೇ ಬರ್ತದೆ."

"ಇದು ನಿನಗೆ ಬೆಳಗ್ಗೆಯಿಂದ ಗೊತ್ತಿತ್ತೇ?"

ಹುಡುಗಿಯ ಮುಖ ಕೆಂಪಾಯಿತು. "ಗೊತ್ತಿತ್ತು. ಇನ್ನೊಂದು ಹೇಳ್ಬೇಕು. ಹೋದ ಸಲ ಆ ಆರು ಲಕ್ಷನ ಬಾಡಿಗೆ ಅಂತ ಹಾಕಿದ್ದು ನಾನೇ. ಜುಲೈನಲ್ಲಿ ದಿನಕ್ಕೆ ನಲವತ್ತು ರಿಟರ್ನ್ ಮಾಡಿಸ್ತಾರೆ. ಪುಸ್ತಕ ತೆಗೆದು ಕೂತ್ರೆ ಬೈತಾರೆ. ಬ್ಯಾಂಕ್ ಪಟ್ಟಿ ನೋಡಿ ಹಾಕ್ಬುಡ್ತೀವಿ."

"ಎಷ್ಟು ಓದಿದ್ದೀ?"

"ಬಿ.ಕಾಂ."

"ಸಂಬಳ?"

"ಒಂಬತ್ತು ಸಾವಿರ."

ಗುರುಮಲ್ಲಮ್ಮ ಸಮಾಧಾನದ ಮಾತು ಆಡಲಿಲ್ಲ. ಪರವಾಗಿಲ್ಲ ಎನ್ನಲೂ ಇಲ್ಲ. ತಪ್ಪು ತಪ್ಪೇ ಆಗಿತ್ತು. "ಮಾಡು," ಎಂದರು. "ಒಂದೊಂದು ಸಾಲೂ ನನಗೆ ಓದಿ ಹೇಳಿ ಮಾಡು."

ಮಾದಪ್ಪ ಎದ್ದು ಹೋಗಿ ಮೆಟ್ಟಿಲ ತಲೆಯಲ್ಲಿ ಕೂತರು. "ಬೈಕ್ ಸದ್ದಾದ್ರೆ ಕೆಮ್ತೀನಿ ಕಣವ್ವ. ನಂಗೆ ಎಂಗಿದ್ರೂ ಕೆಮ್ಮು ಐತೆ."

ಬಟನ್ ಫೋನು ಮೂರು ಸಲ ಗುಂಯ್‌ಗುಟ್ಟಿತು. ಮೊದಲ ಸಲ ಪಾಸ್‌ವರ್ಡು ಬದಲಾಯಿತು. ಎರಡನೆಯ ಸಲ ಸುನೀಲನ ನಂಬರು ಹೋಗಿ ಗುರುಮಲ್ಲಮ್ಮನವರದು ಬಂತು. ಆಮೇಲೆ ಹುಡುಗಿ ಪುಸ್ತಕವನ್ನು ಪಕ್ಕದಲ್ಲಿ ಬಿಚ್ಚಿಟ್ಟುಕೊಂಡು, ಪುಟ ಪುಟ ತಿರುವಿ, ಪಿಂಚಣಿ, ಬಾಡಿಗೆ, ಕಂದಾಯ ಎಲ್ಲವನ್ನೂ ಗಟ್ಟಿಯಾಗಿ ಓದಿ ತುಂಬಿದಳು. ಒಂದು ಕಡೆ ಗುರುಮಲ್ಲಮ್ಮನವರೇ ತಡೆದು, "ಕಂದಾಯ ಮೂರೂ ಮನೆಗೆ ಸೇರಿ ಅದು. ಪಾಲು ಮಾಡು," ಎಂದರು. ಐವತ್ತು ವರ್ಷದ ಹಿಂದೆ ಓದಿದ್ದು ಎಲ್ಲಿಗೂ ಹೋಗಿರಲಿಲ್ಲ. ಅದು ತಿಳಿದು ತಮ್ಮ ಮೇಲಿನ ಸಿಟ್ಟು ಇನ್ನೊಂದಿಷ್ಟು ಹೆಚ್ಚಾಯಿತು. ಮೂರನೆಯ ಸಲ ಫೋನು ಗುಂಯ್‌ಗುಟ್ಟಿದಾಗ ಹುಡುಗಿ ಆರು ಅಂಕಿ ಒತ್ತಿ, ಪರದೆಯನ್ನು ಅವರ ಕಡೆ ತಿರುಗಿಸಿದಳು. ಮರಳಿ ಬರಬೇಕಾದದ್ದು: ಮೂವತ್ತನಾಲ್ಕು ಸಾವಿರದ ಎಂಟುನೂರ ನಲವತ್ತು. ಯುಗಾದಿಯೊಳಗೆ ಬರಬಹುದು ಎಂದಳು. ಕೆಲಸಕ್ಕೆ ಹಿಡಿದದ್ದು ಒಂದು ಗಂಟೆ ಹತ್ತು ನಿಮಿಷ.

ಹೊರಗೆ ಮಾದಪ್ಪ ಕೆಮ್ಮಿದರು.

ಸುನೀಲ್ ಒಳಗೆ ಬಂದಾಗ ಗುರುಮಲ್ಲಮ್ಮ ಪುಸ್ತಕಕ್ಕೆ ದಾರ ಸುತ್ತುತ್ತಿದ್ದರು. ಅವನ ಫೋನಿಗೆ ನಂಬರು ಬದಲಾದ ಸಂದೇಶ ಆಗಲೇ ಬಂದಿತ್ತು, ಮುಖ ಬಿಗಿದುಕೊಂಡಿತ್ತು. "ಯಾರು ಮಾಡಿದ್ದಿದು?"

"ನಾನು. ನನ್ನ ಆಧಾರ್, ನನ್ನ ಫೋನು, ನನ್ನ ಲೆಕ್ಕ. ನಿನ್ನ ಕಂಪ್ಯೂಟರ್ ಬಳಸಿದೆ. ಅದರ ಕರೆಂಟು ಬಿಲ್ಲು ಏನಾಗುತ್ತೋ ಹೇಳು, ಕೊಡ್ತೀನಿ."

"ಆಂಟಿ, ನಮ್ಮಪ್ಪ, ಅಂಕಲ್ಲು ಎಷ್ಟು ಬೇಕಾದೋರು..."

"ಅದಕ್ಕೇ ನಾಲ್ಕು ವರ್ಷ ಬಾಯಿ ಮುಚ್ಕೊಂಡು ಸಹಿ ಹಾಕಿದೆ. ನೀನು ಬರೆಯದ ಲೆಕ್ಕಕ್ಕೆ ತಗೊಂಡ ಹನ್ನೆರಡು ಸಾವಿರ ನನಗೆ ವಾಪಸ್ ಬೇಕು. ಇವತ್ತು ಇಲ್ಲದಿದ್ದರೆ ಬರೋ ಸೋಮವಾರ ಬರ್ತೀನಿ. ಬಸ್ಸಿಗೆ ನನಗೆ ದುಡ್ಡು ಆಗಲ್ಲ. ಬಂದು ಆ ಕುರ್ಚಿಯಲ್ಲಿ ಕೂತ್ಕೋತೀನಿ. ಕಾಯ್ತಾ ಇರೋರಿಗೆಲ್ಲ ಈ ಗಂಟು ತೋರಿಸ್ತೀನಿ. ಅದರ ಮುಂದಿನ ಸೋಮವಾರವೂ ಬರ್ತೀನಿ. ಈ ಹುಡುಗಿ ತನ್ನ ಜಾಗದಲ್ಲಿ ಕೂತಿರೋದನ್ನೂ ನೋಡ್ಕೊಂಡು ಹೋಗ್ತೀನಿ. ಅವಳಿಲ್ಲದ ದಿನ ಕಾಯೋರಿಗೆ ಹೇಳೋಕೆ ಇನ್ನೂ ಒಂದು ಮಾತು ಇರ್ತದೆ."

ಮಾದಪ್ಪ ತಾವು ಕೂತಿದ್ದ ಕುರ್ಚಿಯಿಂದ ತಮ್ಮ ನೋಟ್‌ಬುಕ್ಕು ಎತ್ತಿಕೊಂಡು ಕಂಕುಳಲ್ಲಿ ಇಟ್ಟುಕೊಂಡರು. "ನಂದೂ ಬುಡಿ ಸಾ. ನಾನೂ ಮನೇಲಿ ಒಂದ್ಸಲ ತೆಗ್ದು ನೋಡ್ಕತೀನಿ."

ಗುರುಮಲ್ಲಮ್ಮ ಬಜೆಯ ತುಂಡನ್ನು ಪುಟದ ನಡುವೆ ಸೇರಿಸಿ ಗಂಟು ಹಾಕಿದರು. ಅವರ ಸಿಟ್ಟು ಒಂದಿಷ್ಟೂ ಇಳಿದಿರಲಿಲ್ಲ, ಸುನೀಲನ ಮೇಲೂ, ಆ ಹುಡುಗಿಯ ಮೇಲೂ. ಹುಡುಗಿ ಮತ್ತೆ ಪರದೆಯ ಕಡೆ ತಿರುಗಿ ಯಾರದೋ ಬ್ಯಾಂಕ್ ಪಟ್ಟಿ ತುಂಬುತ್ತಿದ್ದಳು. ಅವಳ ಊಟದ ಹೊತ್ತು ಮುಗಿದುಹೋಗಿತ್ತು. ಚಪ್ಪಲಿ ಇನ್ನೂ ಕಾಲಲ್ಲೇ ಇತ್ತು. ಬಾಗಿಲ ಕಡೆ ನಡೆದ ಗುರುಮಲ್ಲಮ್ಮ ಅವಳ ಮೇಜಿನ ಹತ್ತಿರ ನಿಂತರು. ಚೀಲದಿಂದ ರೊಟ್ಟಿಯ ಡಬ್ಬಿ ತೆಗೆದು, ಮುಚ್ಚಳ ಸಡಿಲಿಸಿ, ಕೀಬೋರ್ಡಿನ ಪಕ್ಕಕ್ಕೆ ಸರಿಸಿದರು. ಆಮೇಲೆ ಮೆಟ್ಟಿಲಿಳಿದರು.